ಮಣ್ಣು ಹತ್ತದ ಕುಸ್ತಿ

ಕುಸ್ತಿಯ ಸಿನಿಮಾ ನೋಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂಬುದು ನನ್ನ ಹೆಂಡತಿ ಸುಮಿತ್ರೆಯ ಬಹುಕಾಲದ ದೂರು. ದೂರು ನಿಜವೇ. ಸಿನಿಮಾದಲ್ಲಿ ಡಾಕ್ಟರು ಎಡಗಾಲಿನ ಬದಲು ಬಲಗಾಲು ಕೊಯ್ಯಲಿ, ವಕೀಲರು ಕೋರ್ಟಿನಲ್ಲಿ ನಿಂತು ಹಾಡೇ ಹಾಡಲಿ, ನಾನು ಚುರುಮುರಿ ತಿನ್ನುತ್ತ ಎಲ್ಲವನ್ನೂ ಒಪ್ಪಿಕೊಳ್ಳುವ ಸಜ್ಜನ. ಆದರೆ ತೆರೆಯ ಮೇಲೆ ಇಬ್ಬರು ಹುಡುಗರು ಲಂಗೋಟಿ ಕಟ್ಟಿ ಮಣ್ಣಿಗಿಳಿದರೋ, ಅರವತ್ತು ದಾಟಿದ ಈ ನಿವೃತ್ತ ಬ್ಯಾಂಕ್ ಮ್ಯಾನೇಜರನ ಒಳಗಿಂದ ಒಬ್ಬ ಪೈಲವಾನ ಎದ್ದು ಕೂಡುತ್ತಾನೆ. ನನ್ನ ಹೊಟ್ಟೆಯನ್ನು ನೋಡಿದವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಪುಣೆಯ ಸದಾಶಿವ ಪೇಠದ ಒಂದು ಹೈಸ್ಕೂಲಿನ ಪರವಾಗಿ, ನಲವತ್ತೆರಡು ಕಿಲೋ ತೂಕದ ಗುಂಪಿನಲ್ಲಿ, ನಾನು ಕುಸ್ತಿ ಆಡಿದವನು. ಆಡಿದ್ದು ಒಂದೇ ಕುಸ್ತಿ. ಆ ಒಂದರ ಬಲದ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಸಿನಿಮಾದವರ ತಪ್ಪು ಹುಡುಕುತ್ತಿದ್ದೇನೆ.

ಕಳೆದ ರವಿವಾರ ಮಧ್ಯಾಹ್ನ ಟಿವಿಯಲ್ಲಿ ಅಂಥದೇ ಒಂದು ಸಿನಿಮಾ ಬಂತು. ಶಾಲೆಯ ಹುಡುಗ, ತಾಲೀಮು ಎಂಬ ಬಡ ಗರಡಿ, ಕಟ್ಟಕಡೆಗೆ ದೊಡ್ಡ ಪಂದ್ಯ. ನಾಯಕ ಅಖಾಡದ ಮಣ್ಣಿಗೆ ನಮಸ್ಕರಿಸಿ ಇಳಿದ. ಆಮೇಲೆ ಹನ್ನೊಂದು ನಿಮಿಷ ಕುಸ್ತಿ. ಗೋಡೆಯ ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಅದರಲ್ಲಿ ನಾಲ್ಕು ನಿಮಿಷ ಬೆವರಿನ ಹನಿಗಳು ನಿಧಾನವಾಗಿ ಗಾಳಿಯಲ್ಲಿ ಹಾರಾಡಿದವು. ವಸ್ತಾದರು, ಎಂದರೆ ಕುಸ್ತಿಯ ಗುರುಗಳು, ಅಖಾಡದ ಅಂಚಿಗೆ ನಿಂತು ಜೀವನದ ಅರ್ಥ ಹೇಳಿದರು. ನಮ್ಮ ವಸ್ತಾದರು ಅಂಚಿಗೆ ನಿಂತು ಹೇಳುತ್ತಿದ್ದುದು ಎರಡೇ ಮಾತು. ಒಂದು, ಕಾಲು ಹಿಡಿ. ಎರಡನೆಯದನ್ನು ಇಲ್ಲಿ ಬರೆಯುವಂತಿಲ್ಲ.

ಸಿನಿಮಾದವರನ್ನಷ್ಟೇ ಬೈದು ಫಲವಿಲ್ಲ ಎಂಬುದು ನನಗೂ ಗೊತ್ತು. ನಮ್ಮ ಪುರಾಣಗಳಲ್ಲಿ ಮಲ್ಲಯುದ್ಧಗಳು ದಿನಗಟ್ಟಲೆ ನಡೆಯುತ್ತವೆ. ಊಟ ನಿದ್ದೆಯ ವಿಚಾರವನ್ನು ಯಾವ ಕವಿಯೂ ತೆಗೆಯುವುದಿಲ್ಲ. ಹಳೆಯ ಗುಡಿಗಳ ಗೋಡೆಯ ಮೇಲೆ ಕಲ್ಲಿನ ಜಟ್ಟಿಗಳು ಸಾವಿರ ವರ್ಷದಿಂದ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ನಿಂತಿದ್ದಾರೆ, ಒಬ್ಬನೂ ಇನ್ನೂ ಬಿದ್ದಿಲ್ಲ. ಬೀಳುವುದನ್ನು ಕೆತ್ತಲು ಶಿಲ್ಪಿಗೂ ಮನಸ್ಸಾಗಲಿಲ್ಲವೋ ಏನೋ. ನಿಜವಾದ ಶಾಲೆಯ ಕುಸ್ತಿಯಲ್ಲಿ ಮಾತ್ರ ಬೀಳುವುದೇ ಮುಖ್ಯ, ಮತ್ತು ಅದು ಬೇಗ ಮುಗಿಯುತ್ತದೆ. ನೀವು ಚಪ್ಪಲಿ ಬಿಟ್ಟು ಒಳಗೆ ಬಂದು ಜಾಗ ಹುಡುಕುವುದರೊಳಗೆ ಒಬ್ಬನ ಬೆನ್ನು ಮಣ್ಣಿಗೆ ಹತ್ತಿರುತ್ತದೆ.

ಇನ್ನೊಂದು ಸಂಗತಿಯನ್ನು ಯಾವ ಸಿನಿಮಾವೂ ತೋರಿಸಿಲ್ಲ. ಹೈಸ್ಕೂಲು ಕುಸ್ತಿಯಲ್ಲಿ ನಿಜವಾದ ವೈರಿ ಎದುರಾಳಿಯಲ್ಲ, ತೂಕದ ಕಾಟಾ. ಪಂದ್ಯಕ್ಕೆ ಎರಡು ದಿನ ಮುಂಚೆ ತಾಲೀಮಿನ ಕಾಟಾದ ಮೇಲೆ ನಿಂತಾಗ ನಾನು ನಲವತ್ತೆರಡೂವರೆ ಕಿಲೋ ಇದ್ದೆ. ಊಟ ಬಿಟ್ಟಿದ್ದಾಗಿತ್ತು. ನಿಂಬೆಹಣ್ಣು ಚೀಪಿ ಚೀಪಿ ಉಗುಳಿದ್ದೂ ಆಗಿತ್ತು. ಕೊನೆಗೆ ಯಾರೋ ದೊಡ್ಡ ಹುಡುಗ, ಕೂದಲು ತೆಗೆಸಿದರೆ ಕಾಲು ಕಿಲೋ ಇಳಿಯುತ್ತದೆ ಎಂದ. ಆಗ ನನ್ನ ತಲೆ ತುಂಬ ಕೂದಲಿತ್ತು, ಬುದ್ಧಿಗೆ ಜಾಗ ಸಾಲುತ್ತಿರಲಿಲ್ಲ. ನೇರ ನಾವಲಿಗನ ಹತ್ತಿರ ಹೋಗಿ ಬೋಳಿಸಿಕೊಂಡೆ. ಮರಳಿ ಕಾಟಾದ ಮೇಲೆ ನಿಂತರೆ ಮುಳ್ಳು ಇದ್ದಲ್ಲೇ ಇತ್ತು.

ಈಗ ನಮ್ಮ ಮನೆಯ ಪರಿಸ್ಥಿತಿ ಹೇಳಬೇಕು. ಧಾರವಾಡದಿಂದ ಬಂದ ನಾವು ವಠಾರದಂಥ ಒಂದು ಹಳೆಯ ವಾಡೆಯ ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅಪ್ಪ ನೀರಾವರಿ ಇಲಾಖೆಯಲ್ಲಿ ನಕಾಶೆ ಬರೆಯುತ್ತಿದ್ದರು. ಆ ವಾರ ಕಾಲುವೆಯ ಕೆಲಸಕ್ಕೆಂದು ಬಾರಾಮತಿಗೆ ಹೋಗಿದ್ದರು. ಅಪ್ಪ ಊರಲ್ಲಿಲ್ಲ, ಒಬ್ಬನೇ ಮಗ ತಲೆ ಬೋಳಿಸಿಕೊಂಡು, ಉಪವಾಸದ ಮುಖ ಹೊತ್ತು, ಅಂಗಳದ ನಳದ ಕೆಳಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಾನೆ. ಮಾಳಿಗೆಯ ಮೇಲಿನ ಮನೆಯ ಮರಾಠಿ ಚಿಕ್ಕಮ್ಮ, ನಾವು ಕಾಕು ಎನ್ನುತ್ತಿದ್ದವರು, ಇದನ್ನು ಕಂಡರು. ಅವರು ಇನ್ನೇನು ತಿಳಿದಾರು?

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಪಿಠ್ಲ ಮತ್ತು ಅನ್ನ ಮಾಡಿ ಕೊಡುತ್ತಾರೆ. ಅದು ಇಲ್ಲಿಯ ರೂಢಿ. ಪಿಠ್ಲವೆಂದರೆ ನಮ್ಮ ಜುಣಕದ ತಂಗಿ, ಕಡಲೆಹಿಟ್ಟಿನದು. ಒಂದು ತಾಸಿನಲ್ಲಿ ಕಾಕು ದೊಡ್ಡ ಪಾತೇಲಿ ಹೊತ್ತು ನಮ್ಮ ಹೊಸ್ತಿಲಿಗೆ ಬಂದರು. ಅವ್ವ ಹಣೆ ತುಂಬ ಕುಂಕುಮ ಇಟ್ಟುಕೊಂಡು ನಗುತ್ತ ಬಾಗಿಲಿಗೆ ಹೋದಳು. ಇವಳಿಗೆ ಇನ್ನೂ ಸುದ್ದಿಯನ್ನೇ ಮುಟ್ಟಿಸಿಲ್ಲ ಎಂದುಕೊಂಡು ಕಾಕುವಿನ ದುಃಖ ಇಮ್ಮಡಿಸಿತು. ಅವ್ವನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ. ಪಾಪ, ಇವರಿಗೇ ಏನೋ ಕಷ್ಟ ಬಂದಿದೆ ಎಂದು ಅವಳೂ ಜೊತೆಗೆ ಅತ್ತಳು. ಅತ್ತು ಹಗುರಾದ ಮೇಲೆ ಪಾತೇಲಿ ಒಳಗಿಟ್ಟುಕೊಂಡಳು.

ಸಂಜೆ ಅಪ್ಪ ಬಾರಾಮತಿಯ ಬಸ್ಸಿಳಿದು ಚೀಲ ಹಿಡಿದು ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತು ಪಿಠ್ಲ ಎರಡು ಸಲ ಹಾಕಿಸಿಕೊಂಡರು. ಭಾಳ ಛಲೋ ಆಗೇದ, ಯಾರು ಮಾಡಿದ್ದು ಎಂದು ಕೇಳುವ ಹೊತ್ತಿಗೇ ಮೇಲಿನ ಕಾಕು ಜಿನೆಯ ಮೆಟ್ಟಿಲು ಇಳಿದುಬಂದು ಅವರನ್ನು ಕಂಡು ಅಲ್ಲೇ ಕುಸಿದು ಕೂತರು. ಎಲ್ಲ ಬಯಲಾಯಿತು. ಅವ್ವ ನನ್ನ ಬೋಳುತಲೆಗೆ ಎರಡು ಬಿಗಿದಳು. ಅಪ್ಪ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮದೇ ತಿಥಿಯ ಊಟ ತಿಂದು ರುಚಿ ಹೇಳುವ ಭಾಗ್ಯ ಯಾರಿಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಸಾಯಿಸಿ ಕುಸ್ತಿ ಆಡ್ಲಿಕ್ಕೆ ಹೊಂಟೀದಿ. ನೋಡ್ಲಿಕ್ಕರೆ ಬರಬೇಕಲ್ಲೋ” ಎಂದರು.

ಅಲ್ಲಿಯವರೆಗೆ ಅಪ್ಪ ಕುಸ್ತಿಯ ಸುದ್ದಿಗೇ ಬಂದವರಲ್ಲ. ಅವರಿಗೆ ಪಟ್ಟು ಗೊತ್ತಿಲ್ಲ, ಡಾವು ಗೊತ್ತಿಲ್ಲ, ಪೆನ್ಸಿಲಿನ ತುದಿ ಚೂಪು ಮಾಡುವುದರಾಚೆಗೆ ತೋಳಿನ ಕೆಲಸವೇ ಗೊತ್ತಿಲ್ಲ. ಅಂಥವರು ಬರುತ್ತೇನೆ ಎಂದ ಕ್ಷಣದಿಂದ ನನಗೆ ಗೆಲ್ಲಲೇಬೇಕೆಂಬ ಹಟ ಹಿಡಿಯಿತು.

ಪಂದ್ಯದ ದಿನ ಬೆಳಿಗ್ಗೆ ತೂಕ. ನಾನಿನ್ನೂ ಸ್ವಲ್ಪ ಹೆಚ್ಚಿಗಿದ್ದೆ. ನನ್ನ ಹಾಗೆಯೇ ಹೆಚ್ಚಿಗಿದ್ದ ಇನ್ನೊಬ್ಬ ಹುಡುಗನ ಹೆಸರು ದತ್ತು. ಬಾರಾಮತಿ ಕಡೆಯವನು, ಪುಣೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಬೇರೆ ಶಾಲೆಯಲ್ಲಿ ಓದುತ್ತಿದ್ದ. ಇಬ್ಬರೂ ಮೈದಾನದ ಸುತ್ತ ಓಡಿದೆವು, ಒಂದೇ ಗಟಾರದ ಅಂಚಿಗೆ ಕೂತು ಪೈಪೋಟಿಯ ಮೇಲೆ ಉಗುಳಿದೆವು. ನನ್ನ ತಲೆಯ ಮತ್ತು ಪಿಠ್ಲದ ಕಥೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಿನಿಂದಲೂ ತೂಕ ಇಳಿಯುತ್ತದೋ ಏನೋ, ಇಬ್ಬರೂ ಪಾಸಾದೆವು. ಆಮೇಲೆ ಜೋಡಿ ಕೂಗಿದಾಗ ಗೊತ್ತಾಯಿತು, ನನ್ನ ಎದುರಾಳಿ ಅವನೇ. ಸಿನಿಮಾದ ಎದುರಾಳಿಗೆ ಗಂಟುಹುಬ್ಬು, ಕೆಂಗಣ್ಣು ಇರುತ್ತವೆ. ದತ್ತುವಿಗೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇತ್ತು, ಅಷ್ಟೆ.

ಕುಸ್ತಿ ನಾಲ್ಕು ಗಂಟೆಗೆ ಎಂದಿದ್ದರು. ಮೊದಲಿನ ಜೋಡಿಗಳು ಬೇಗ ಬೇಗ ಬಿದ್ದದ್ದರಿಂದ ಮೂರೂವರೆಗೇ ನಮ್ಮನ್ನು ಕರೆದರು. ಕೈ ಕೂಡಿಸಿದೆವು. ಹಿಡಿ ಮಣ್ಣು ತೆಗೆದು ಒಬ್ಬರ ಅಂಗೈಗೆ ಒಬ್ಬರು ಕೊಟ್ಟೆವು. ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದು ಮೆತ್ತಗಾದ ಕೆಂಪು ಮಣ್ಣು. ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ, ಟಿವಿಯಲ್ಲಿ ಬರುವುದಿಲ್ಲ. ನಾನು ವಸ್ತಾದರ ಮೊದಲ ಮಾತಿನಂತೆ ಕಾಲಿಗೆ ಕೈ ಹಾಕಿದೆ. ಅದಾದ ಮೇಲೆ ನಾನು ಕಂಡದ್ದು ಆಕಾಶ. ಐವತ್ತು ಎಣಿಸುವುದರೊಳಗೆ ನನ್ನ ಎರಡೂ ಭುಜ ಮಣ್ಣಿನಲ್ಲಿದ್ದವು, ದತ್ತು ನನ್ನ ಎದೆಯ ಮೇಲಿದ್ದ.

ಸಿನಿಮಾದಲ್ಲಿ ಅಪ್ಪಂದಿರು ಸರಿಯಾದ ಗಳಿಗೆಗೆ ಬರುತ್ತಾರೆ. ಜನರ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಾರೆ, ಮಗ ಅದನ್ನು ನೋಡಿ ತಿರುಗಿ ಬೀಳುತ್ತಾನೆ, ಗೆಲ್ಲುತ್ತಾನೆ. ನನ್ನ ಅಪ್ಪ ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂದರು. ಪ್ಯಾಂಟಿಗೆ ಸೈಕಲ್ಲಿನ ಕ್ಲಿಪ್ಪು ಹಾಗೇ ಇತ್ತು, ಕೈಯಲ್ಲಿ ನಾಲ್ಕು ಬಾಳೆಹಣ್ಣು. ದೂರದಿಂದಲೇ ಅವರನ್ನು ಕಂಡು ನಾನು ಅವಸರದಿಂದ ಅಂಗಿ ತೊಟ್ಟುಕೊಂಡೆ. ತಡವಾಯಿತೇನೋ ಎಂದು ಏದುಸಿರು ಬಿಡುತ್ತ ಕೇಳಿದರು. ಮುಗಿಯಿತು ಎಂದೆ. ಏನಾಯಿತು ಎಂದರು. ಆ ಮುಖ, ಆ ಬಾಳೆಹಣ್ಣು, ಆ ಕ್ಲಿಪ್ಪು. “ಗೆದ್ದೆ” ಅಂದುಬಿಟ್ಟೆ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಪ್ಪ, ಸೋತ ಹುಡುಗ ಯಾರು, ತೋರಿಸು ಎಂದರು. ದತ್ತು ಅಲ್ಲೇ ಬರಿಮೈಯಲ್ಲಿ ನಿಂತಿದ್ದ. ಅವನ ಕಡೆ ಬೆರಳು ತೋರಿಸಿದೆ. ಅಪ್ಪ ಅವನ ಹತ್ತಿರ ಹೋಗಿ, ತಮ್ಮ ಧಾರವಾಡದ ಮರಾಠಿಯಲ್ಲಿ, ಸೋಲು ಗೆಲುವು ಇದ್ದದ್ದೇ, ಬೇಜಾರು ಮಾಡಿಕೊಳ್ಳಬೇಡ ಎಂದು ಬೆನ್ನು ಸವರಿದರು. ದತ್ತು ಒಮ್ಮೆ ಅಪ್ಪನನ್ನು ನೋಡಿದ, ಒಮ್ಮೆ ನನ್ನ ಬೋಳುತಲೆಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, ಹೌದು ಕಾಕಾ, ಮುಂದಿನ ಸಲ ಗೆಲ್ಲುತ್ತೇನೆ ಎಂದ. ಅಪ್ಪ ಎರಡು ಬಾಳೆಹಣ್ಣು ಅವನಿಗೆ ಕೊಟ್ಟರು. ಅವನು ತಿಂದ. ಸೋತವನ ಮುಖ ಮಾಡಿಕೊಂಡು ತಿಂದ. ಎಷ್ಟೋ ನಟರನ್ನು ನೋಡಿದ್ದೇನೆ, ಅಂಥ ಅಭಿನಯ ಕಂಡಿಲ್ಲ. ಮುಂದೆ ಅವನು ಎಲ್ಲಿ ಹೋದನೋ ಗೊತ್ತಾಗಲಿಲ್ಲ.

ಆ ಸುಳ್ಳನ್ನು ನಾನು ಅಪ್ಪನ ಮುಂದೆ ಕೊನೆಯವರೆಗೂ ಒಡೆಯಲಿಲ್ಲ. ಒಡೆಯಬೇಕೆಂದು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಮನೆಗೆ ಬಂದವರ ಮುಂದೆಲ್ಲ ಅವರು, ನಮ್ಮ ಹುಡುಗ ಹೈಸ್ಕೂಲಿನಲ್ಲಿ ಕುಸ್ತಿ ಆಡಿದ ಎಂದು ಹೇಳುವರು. ಆಡಿದ ಎಂದಷ್ಟೇ. ಗೆದ್ದ ಎಂದು ಜಂಬ ಕೊಚ್ಚುತ್ತಿರಲಿಲ್ಲ. ಎಂಥ ಸಂಕೋಚದ ಮನುಷ್ಯ ಎಂದು ನನಗೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಅಪ್ಪ ನಿಜವಾಗಿಯೂ ಹೋದರು. ಎರಡನೆಯ ಸಲ ತಲೆ ಬೋಳಿಸಿಕೊಂಡೆ. ವಾಡೆ ಕೆಡವಿ ಕಟ್ಟಿದ ಇದೇ ಫ್ಲ್ಯಾಟಿಗೆ ಎದುರು ಮನೆಯವರು ಪಿಠ್ಲ ಮತ್ತು ಅನ್ನ ತಂದುಕೊಟ್ಟರು. ರುಚಿ ಹೇಳಲು ಅಪ್ಪ ಇರಲಿಲ್ಲ.

ಇರಲಿ, ರವಿವಾರದ ಸಿನಿಮಾಕ್ಕೆ ಬರುತ್ತೇನೆ. ಹನ್ನೊಂದು ನಿಮಿಷದ ತರುವಾಯ ಖಳಹುಡುಗ ಚಿತ್ ಆದ. ಎದ್ದು, ನಮಗೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ಹೊರಟ. ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವನ ಬೆನ್ನು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು! ಮಣ್ಣಿನಲ್ಲಿ ಚಿತ್ ಬಿದ್ದವನ ಬೆನ್ನಿಗೆ ಒಂದು ಕಣ ಮಣ್ಣಿಲ್ಲ. ಇಂಥವರಿಗೆ ಯಾರು ಕ್ಯಾಮೆರಾ ಕೊಡುತ್ತಾರೆ ಎಂದು ಶುರುಮಾಡಿದೆ. ಬೆವರಿನ ಮೈಗೆ ಆ ಎಣ್ಣೆಮಣ್ಣು ಒತ್ತಿ ಕೂತರೆ ತಲೆಯಿಂದ ಸೊಂಟದವರೆಗೆ ರೊಟ್ಟಿ ತಟ್ಟಿದಂತೆ ಹತ್ತಿರುತ್ತದೆ, ಅಂಗಿ ತೊಟ್ಟರೂ ಹೊರಗೆ ಕೆಂಪು ಇಳಿಯುತ್ತದೆ, ಕುಸ್ತಿಯ ಗಂಧಗಾಳಿ ಇಲ್ಲದವನೂ ನೋಡಿದರೆ ಹೇಳುತ್ತಾನೆ ಯಾರು ಬಿದ್ದವರು ಎಂದು.

ಸುಮಿತ್ರೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ದತ್ತುವಿನ ಕಥೆ, ನನ್ನ ಸುಳ್ಳಿನ ಕಥೆ ಅವಳಿಗೆ ಮದುವೆಯಾದ ವರ್ಷದಿಂದ ಗೊತ್ತು. ತಲೆ ಎತ್ತದೆ ಕೇಳಿದಳು:

“ಹಂಗಾದ್ರ ಮಾವನವ್ರಿಗೆ ಅವತ್ತೇ ಗೊತ್ತಾಗಿರಬೇಕಲ್ರಿ?”

ಸಿನಿಮಾ ಇನ್ನೂ ನಡೆಯುತ್ತಿರುವಾಗಲೇ, ಮೊದಲ ಸಲ, ನಾನೇ ಎದ್ದು ಟಿವಿ ಆರಿಸಿದೆ.

ಕುಸ್ತಿಯ ಆ ದಿನ ಸಂಜೆ ಮನೆಗೆ ಬಂದ ಮೇಲೆ ಅವ್ವ ಬಚ್ಚಲಿಗೆ ಬಿಸಿನೀರು ತೋಡಿದ್ದಳು. ನನಗೆ ಸ್ನಾನ ಮಾಡಿಸುವುದು ಅಪ್ಪನ ಕೆಲಸ ಯಾವತ್ತೂ ಆಗಿರಲಿಲ್ಲ, ಹದಿನಾಲ್ಕು ವರ್ಷದ ಹುಡುಗನಿಗೆ ಅದು ಬೇಕಾಗಿಯೂ ಇರಲಿಲ್ಲ. ಆದರೂ ಅವರು ಅವ್ವನಿಗೆ, ನೀ ಅಡಿಗಿ ಮಾಡು ಹೋಗು ಎಂದು ಹೇಳಿ, ಬಾಗಿಲು ಮುಂದೆ ಮಾಡಿ, ಧೋತರ ಮೇಲೆ ಕಟ್ಟಿ, ನನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ನಕಾಶೆ ಬರೆಯುವ ಮೆತ್ತನೆಯ ಕೈ. ಭುಜದಿಂದ ಭುಜಕ್ಕೆ, ಬೆನ್ನುಹುರಿಯ ಗುಂಟ, ಕೆಂಪು ನೀರು ಮೋರಿಯಲ್ಲಿ ಹರಿದುಹೋಗುವವರೆಗೆ ಬಹಳ ಹೊತ್ತು ತಿಕ್ಕಿದರು. ಗೆದ್ದ ಮಗನಿಗೆ ಸೇವೆ ನಡೆದಿದೆ ಎಂದು ನಾನು ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತಿದ್ದೆ. ಸಾಕು ಬಿಡಪ್ಪಾ ಎಂದು ಏಳಹೋದಾಗ ಹೆಗಲು ಹಿಡಿದು ಕೂಡಿಸಿದರು.

“ತಡಿ, ಇನ್ನೊಂದ ಚೂರ ಅದ” ಎಂದರು. “ನಿಮ್ಮವ್ವಗ ಕಾಣೂದು ಬ್ಯಾಡ.”