ಬೇಡ ಎಂದ ಮೇಲೆ

ಊಟದೆಲೆಯ ಮೇಲೆ ಅಡ್ಡ ಬರುವ ಕೈಯನ್ನು ನೀವೂ ನೋಡಿರುತ್ತೀರಿ. ಅನ್ನದ ಪಾತ್ರೆ ಹತ್ತಿರ ಬರುತ್ತಿದ್ದಂತೆ ಬೆನ್ನು ಬಾಗುತ್ತದೆ, ಎರಡೂ ಕೈ ಎಲೆಯನ್ನು ಮುಚ್ಚುತ್ತವೆ, ‘ಬೇಡ ಬೇಡ, ಸಾಕು’ ಎಂಬ ಪಠಣ ಶುರುವಾಗುತ್ತದೆ. ಆದರೂ ಒಂದು ಸೌಟು ಅನ್ನ ಇಳಿಯುವಷ್ಟು ಸಂದು ಬೆರಳುಗಳ ನಡುವೆ ಹೇಗೋ ಉಳಿದಿರುತ್ತದೆ. ನಮ್ಮ ಮೂಡಿಗೆರೆ ಸೀಮೆಯಲ್ಲಿ ಕೇಳಿದ ಕೂಡಲೇ ‘ಹಾಕಿ’ ಎನ್ನುವವನು ಹೊಟ್ಟೆಬಾಕ, ಮೊದಲ ‘ಬೇಡ’ಕ್ಕೇ ಪಾತ್ರೆ ಹಿಂದೆಗೆದವಳು ಜಿಪುಣಿ. ಇದನ್ನು ನಾನೂ ಬಹಳ ಕಾಲ ಆದರಾತಿಥ್ಯದ ಸೊಗಸೆಂದೇ ನಂಬಿದ್ದೆ. ಈಗ ಆ ಕೈ ಕಂಡರೆ ಮೈ ಉರಿಯುತ್ತದೆ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು, ಸಿಟ್ಟು ಸ್ವಲ್ಪ ಬೇಗ ಬರುತ್ತದೆ ಎನ್ನುವುದು ನಿಜ. ಆದರೆ ಈ ಸಿಟ್ಟಿಗೆ ಕಾರಣವಿದೆ.

ನಮ್ಮ ಬೀದಿಯ ಕೊನೆಯಲ್ಲೊಂದು ಥಾಯ್ ಹೋಟೆಲಿದೆ. ಬಣಕಲ್ ಕಡೆಯ ಪ್ರಸನ್ನ ಬ್ಯಾಂಕಾಕಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಹುಡುಗಿ ಸುದಾಳನ್ನು ಮದುವೆಯಾಗಿ ಕರೆತಂದ. ಕೆಲವು ವರ್ಷ ತೋಟದ ಮನೆಯಲ್ಲಿದ್ದು, ಆಮೇಲೆ ಇಬ್ಬರೂ ಪೇಟೆಗೆ ಬಂದು ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಐದು ಮೇಜು ಹಾಕಿದರು. ಅಡುಗೆ ಅವಳದು, ಬಡಿಸುವುದೂ ಅವಳೇ. ಉಳಿದ ಓಡಾಟವೆಲ್ಲ ಅವನದು. ಆ ಅಡುಗೆಯಲ್ಲಿ ಪರದೇಶದ್ದೆನ್ನುವಂಥದ್ದು ಏನಿದೆ ಹೇಳಿ? ತೆಂಗಿನಹಾಲು, ಸೂಜಿಮೆಣಸು, ಬಿದಿರಿನ ಕಳಲೆ, ಸುಂಡೆಕಾಯಿ, ನಾವು ಕಷಾಯಕ್ಕೆ ಕಿತ್ತುಹಾಕುವ ಮಜ್ಜಿಗೆಹುಲ್ಲು, ಎಲ್ಲವೂ ನಮ್ಮ ಹಿತ್ತಿಲಲ್ಲಿ ಹೇಳುವವರು ಕೇಳುವವರಿಲ್ಲದೆ ಬೆಳೆಯುವಂಥವೇ. ಆದರೂ ನಮ್ಮ ಜನ ಮೂಗು ಸಿಂಡರಿಸಿಕೊಂಡು ಒಳಬಂದು ಗೋಬಿ ಮಂಚೂರಿ ಕೇಳುತ್ತಾರೆ, ಅದೇನೋ ತಲೆತಲಾಂತರದಿಂದ ಮನೆದೇವರ ನೈವೇದ್ಯಕ್ಕೆ ಇಡುತ್ತಿದ್ದ ಭಕ್ಷ್ಯವೆಂಬ ಹಾಗೆ!

ಅಕ್ಕ ಮತ್ತು ಭಾವನ ಮದುವೆಯ ವಾರ್ಷಿಕೋತ್ಸವವೆಂದು ಅವರಿಬ್ಬರನ್ನೂ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಭಾವನದು ಬಣಕಲ್ ಕಡೆ ದೊಡ್ಡ ಎಸ್ಟೇಟು. ಎಲ್ಲಿ ಉಣ್ಣಲು ಕೂತರೂ ಅಲ್ಲಿ ಅವರು ಮದುಮಗ. ಅಕ್ಕನೋ, ಮದುವೆಯಾದಂದಿನಿಂದ ನೆಂಟರಿಷ್ಟರಿಗೆಲ್ಲ ಒತ್ತಾಯ ಮಾಡಿ ಮಾಡಿ ಬಡಿಸಿ, ಎಲ್ಲರ ಕೈ ಒಣಗಿದ ಮೇಲೆ ಒಲೆಯ ಪಕ್ಕ ಕೂತು ತಳ ಕೆರೆದು ಉಣ್ಣುವವಳು. ಸುದಾ ತಂದಿಟ್ಟ ಹಸಿರು ಮೇಲೋಗರವನ್ನು ಭಾವ ಬೆವರೊರೆಸಿಕೊಳ್ಳುತ್ತ, ಹಾ ಹೂ ಎನ್ನುತ್ತ, ಚಪ್ಪರಿಸಿ ಉಂಡರು. ತಟ್ಟೆಯಲ್ಲಿ ಗಸಿ ಉಳಿದು ಅನ್ನ ಮುಗಿದಿತ್ತು. ಸುದಾ ಪಾತ್ರೆ ಹಿಡಿದು ಬಂದು, “ಇನ್ನೂ ಅನ್ನ ಬೇಕಾ?” ಎಂದಳು. ಭಾವನ ಕೈ ತಾನಾಗಿ ತಟ್ಟೆಯ ಮೇಲೆ ಬಂತು. “ಬೇಡ ಬೇಡ” ಎಂದರು. “ಸರಿ” ಎಂದು ಅವಳು ನಕ್ಕು ಅಕ್ಕನ ಕಡೆ ತಿರುಗಿದಳು. “ನಿಮಗೆ?”

ಅಕ್ಕ ಒಮ್ಮೆ ಹಿಂದೆ ತಿರುಗಿ ನೋಡಿದಳು, ಈ ಪ್ರಶ್ನೆ ಬೇರೆ ಯಾರಿಗಾದರೂ ಇರಬಹುದೆಂದು. ಆಮೇಲೆ “ಬೇಕು” ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳು ಮತ್ತೂ ಎರಡು ಸಲ ಹಾಕಿಸಿಕೊಂಡು ನಿಧಾನವಾಗಿ ಉಂಡಳು. ಭಾವ ಒಣಗುತ್ತಿದ್ದ ತಮ್ಮ ತಟ್ಟೆಯನ್ನೇ ನೋಡುತ್ತ ಕೂತರು.

ಮಾರನೆಯ ದಿನದಿಂದ ಕ್ಲಬ್ಬಿನಲ್ಲಿ, ಕಾಫಿ ಮಂಡಿಯಲ್ಲಿ, ಭಾವನದು ಒಂದೇ ವರದಿ: “ಅಲ್ಲಿ ಹೊಟ್ಟೆಗೆ ಹಾಕಲ್ಲ ಮಾರಾಯ. ಪಾತ್ರೆ ತೋರಿಸಿ ತಗೊಂಡು ಹೋಗ್ತಾಳೆ.” ದೊಡ್ಡವರ ಮಾತು ತಾನೇ, ಊರೆಲ್ಲ ಹಬ್ಬಿತು. ಶನಿವಾರ ಭಾನುವಾರ ಹೋಂಸ್ಟೇಗೆ ಬಂದ ನಾಲ್ಕು ಜನ ಬಿಟ್ಟರೆ ಐದೂ ಮೇಜು ಖಾಲಿ ಬಿದ್ದವು. ಹೀಗೇ ಆದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಪ್ರಸನ್ನ ನನ್ನೆದುರು ಪೇಚಾಡಿಕೊಂಡ. ನಾನು ನೇರವಾಗಿ ಭಾವನ ಮನೆಗೇ ಹೋದೆ.

“ಬೇಡ ಅಂದಿದ್ದು ನೀವಲ್ವಾ ಭಾವ?”

“ಬೇಡ ಅಂದ್ರೆ ಬೇಡ ಅಂತಲಾ? ಅಷ್ಟೂ ತಿಳಿಯಲ್ವಾ ಅವ್ಳಿಗೆ?” ಎಂದರು ಭಾವ. “ನಿಮ್ಮಕ್ಕ ಬೇರೆ, ಜನರೆದುರು ಬೇಕು ಬೇಕು ಅಂತ ಹಾಕಿಸ್ಕೊಂಡ್ಳು. ನಂಗೆ ತಲೆ ಎತ್ತೋಕಾಗ್ಲಿಲ್ಲ.”

ಅವರ ಕೋಪ ಯಾವುದರ ಮೇಲೆಂದು ನನಗಾಗ ಗೊತ್ತಾಯಿತು. ಆದರೂ ಹೋಟೆಲು ಉಳಿಯಲೆಂಬ ಆಸೆಯಿಂದ ಸುದಾಳಿಗೊಂದು ಉಪಾಯ ಹೇಳಿಕೊಡಲು ಹೋದೆ. ಸುಮ್ಮನೆ ಎರಡು ಸಲ ಒತ್ತಾಯ ಮಾಡಿಬಿಡು, ನಿನ್ನ ಗಂಟೇನು ಹೋಗುತ್ತದೆ ಎಂದೆ. ಅವಳು ಕಳಲೆ ಹೆಚ್ಚುವುದನ್ನು ನಿಲ್ಲಿಸಿದಳು.

“ಗೊತ್ತು ಟೀಚರ್. ಬಂದ ವಾರವೇ ಅತ್ತೆ ಹೇಳಿದ್ರು, ಇಲ್ಲಿ ಬೇಡ ಅಂದ್ರೆ ಬೇಕು ಅಂತ. ಆದ್ರೆ ನಂಗೆ ನಿಜವಾಗ್ಲೂ ಬೇಡ ಇತ್ತು. ಆಗ ಬಸುರಿ ನಾನು, ತುಪ್ಪದ ವಾಸ್ನೆಗೇ ವಾಂತಿ ಬರೋದು. ಬೇಡ ಅಂದೆ, ಹಾಕಿದ್ರು. ಅಳ್ತಾ ಬೇಡ ಅಂದೆ, ಆಗ್ಲೂ ಹಾಕಿದ್ರು. ಪ್ರೀತಿಯಿಂದ್ಲೇ ಹಾಕಿದ್ರು, ಕೆಟ್ಟವರಲ್ಲ. ನಾನು ಹೇಳಿದ್ದು ಮಾತ್ರ ಯಾರಿಗೂ ಕೇಳ್ಲಿಲ್ಲ.” ಮತ್ತೆ ಕಳಲೆ ಹೆಚ್ಚುತ್ತ ಹೇಳಿದಳು: “ಗೋಬಿ ಮಂಚೂರಿ ಬೇಕಾದ್ರೆ ಮಾಡ್ತೀನಿ ಟೀಚರ್. ಬೇಡ ಅಂದೋರ ತಟ್ಟೆಗೆ ಹಾಕಲ್ಲ.”

ಮನೆಗೆ ನಡೆದು ಬರುವಾಗ ನನ್ನ ಸಿಟ್ಟಿಗೆ ಹೊಸದೊಂದು ದಾರಿ ಸಿಕ್ಕಿತು. ನಮ್ಮ ಕಡೆ ‘ಬೇಡ’ಕ್ಕೆ ಬೆಲೆಯೇ ಇಲ್ಲವೆಂದು ಯಾರು ಹೇಳಿದರು? ಅಪ್ಪನ ತೋಟ ಹಿಸ್ಸೆಯಾದ ದಿನ ತವರಿನ ಪಡಸಾಲೆಯಲ್ಲಿ ಅಣ್ಣಂದಿರು ಅಕ್ಕನನ್ನೂ ನನ್ನನ್ನೂ ಕೂರಿಸಿ, ‘ನಿಮಗೂ ಪಾಲು ಬೇಕಾ?’ ಎಂದು ಕೇಳಿದ್ದರು. ಕೇಳಿದ ಕೂಡಲೇ ಬೇಕೆನ್ನುವುದು ಲಕ್ಷಣವೇ? ನಾವು ಬೆಳೆದ ರೀತಿಯಂತೆ ಇಬ್ಬರೂ ‘ಬೇಡ’ ಎಂದೆವು. ಇನ್ನೊಮ್ಮೆ ಕೇಳಿಯಾರು, ‘ಹಾಗಂದ್ರೆ ಹೇಗೆ, ಒಂಚೂರಾದ್ರೂ ಇಟ್ಕೊಳ್ಳಿ’ ಎಂದಾರು ಎಂದು ಕಾದೆವು. ಉಣ್ಣುವಾಗ ಒಂದು ಹೋಳಿಗೆಗೆ ಕೈಹಿಡಿದು ಜಗ್ಗಾಡುವ ಅದೇ ಜನ ಅಂದು ಮಾತ್ರ ಎರಡನೆಯ ಸಲ ಕೇಳಲಿಲ್ಲ. ಸಂಜೆಯೊಳಗೆ ಪಾಲು ಬಿಟ್ಟುಕೊಟ್ಟ ಪತ್ರಕ್ಕೆ ನಮ್ಮ ಸಹಿ ಬಿದ್ದಿತ್ತು. ಆಮೇಲೆ ಭರ್ಜರಿ ಊಟ. ಬೇಡ ಬೇಡವೆಂದರೂ ಬಿಡದೆ ಎಲೆ ತುಂಬ ಬಡಿಸಿದರು. ಇದಕ್ಕೆ ಸಂಸ್ಕಾರವೆಂದು ಹೆಸರು! ನಮ್ಮ ಯಾವ ಮಾತನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಕೇಳಿಸಿಕೊಳ್ಳಬಾರದು ಎನ್ನುವುದು ಬಡಿಸುವವರ ಅನುಕೂಲಕ್ಕೆ ಬಿಟ್ಟದ್ದು. ಆ ಮನೆಯಲ್ಲಿ ಸುದಾಳ ಹಾಗೆ ಮನಸಾರೆ ‘ನಿಮಗೆ?’ ಎಂದು ಕೇಳುವವರೂ ಇರಲಿಲ್ಲ, ‘ಬೇಕು’ ಎನ್ನಲು ನಾಲಿಗೆ ಕಲಿತವರೂ ಇರಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಒದರಿದೆ. ಮೊನ್ನೆ ಗುರುವಾರ ಮಧ್ಯಾಹ್ನ ಅವಳು ಬಣಕಲ್ ಕಡೆಯ ಬಸ್ಸಿನಿಂದ, ತನ್ನ ಭಜನೆ ಮಂಡಳಿಯ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಇಳಿದಳು. ಎಲ್ಲರೂ ಬಡಿಸಿ ಬಡಿಸಿ ಸವೆದ ಕೈಗಳವರು. ಸುದಾಳ ಎರಡು ಮೇಜು ಜೋಡಿಸಿ ಕೂತು, ಏನು ಬೇಕೆಂದು ಅವಳು ಕೇಳಿದಾಗ ಮೊದಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಪ್ರಸನ್ನ ಅನ್ನ ಸಾಲದೆಂದು ಇನ್ನೊಂದು ಪಾತ್ರೆ ಇಟ್ಟ.

“ಭಾವನೂ ಬರಬಹುದಿತ್ತಲ್ಲ ಅಕ್ಕ, ಮನೇಲಿ ಅವರ ಊಟ?” ಎಂದು ಕೇಳಿದೆ.

ಅಕ್ಕ ಅನ್ನ ಕಲಸುತ್ತಲೇ ಹೇಳಿದಳು: “ಕರೆದೆ ಕಣೆ. ಬೇಡ ಅಂದ್ರು. ಸರಿ ಅಂತ ಬಂದೆ.”