ಕಂಪ್ಯೂಟರಿನ ಪಂಚಾಂಗ

ಜೂನ್ ಐದರ ಬೆಳಿಗ್ಗೆ ನನ್ನ ತಂಗಿ ಗಿರಿಜೆಗೆ ಮೊಸರು-ಸಕ್ಕರೆ ತಿನ್ನಿಸಿದೆ. ರಾಹುಕಾಲ ನೋಡಿಯೇ ಹೊಸಿಲು ದಾಟಿಸಿದೆ. ಅವಳು ಹೊರಟಿದ್ದು ಇಂಟರ್‌ವ್ಯೂಗೆ. ಜೊತೆಗೆ ನಾನೂ ಹೋದೆ. ಹೋಗಿ ನೋಡಿದರೆ ಇಂಟರ್‌ವ್ಯೂ ಮುಗಿದು ತಿಂಗಳಾಗಿತ್ತು!

(ನಗಬೇಡಿ. ನನಗಂತೂ ನಗು ಬರಲಿಲ್ಲ.)

ಗಿರಿಜೆ ಇರೋದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಹಿಂದಿನ ರಾತ್ರಿಯೇ ಶಿವಮೊಗ್ಗದ ನನ್ನ ಮನೆಗೆ ಬಂದು ಉಳಿದಿದ್ದಳು. ಗಂಡ ಕಾರ್ಖಾನೆಯಲ್ಲಿ ವಿ.ಆರ್.ಎಸ್. ತಗೊಂಡು ಮನೆಯಲ್ಲಿದ್ದಾರೆ. ತಗೊಂಡರು ಅನ್ನೋದು ಮಾತಿಗೆ, ಕೊಟ್ಟು ಕಳಿಸಿದರು ಅನ್ನಿ. ಇವಳು ಮದುವೆಗೆ ಮುಂಚೆಯೇ ಕನ್ನಡ ಟೈಪಿಂಗ್ ಸೀನಿಯರ್ ಪಾಸ್ ಮಾಡಿದವಳು. ಈಗ ಮತ್ತೆ ಸೈಬರ್ ಸೆಂಟರಿಗೆ ಹೋಗಿ, ಕಾಲೇಜು ಹುಡುಗಿಯರ ಪಕ್ಕ ಕೂತು, ಕಂಪ್ಯೂಟರಿನಲ್ಲೂ ಕನ್ನಡ ಹೊಡೆಯೋದು ಕಲಿತಳು. ಅಷ್ಟರಲ್ಲಿ ಶಿವಮೊಗ್ಗದ ಒಂದು ವಿದ್ಯಾಸಂಸ್ಥೆ (ಹೆಸರು ಬೇಡ, ಊರು ಸಣ್ಣದು) ಕನ್ನಡ ಟೈಪಿಸ್ಟ್ ಬೇಕು ಅಂತ ಜಾಹೀರಾತು ಕೊಟ್ಟಿತು. ವಯಸ್ಸು ಮೂವತ್ತೈದು ದಾಟಿರಬಾರದು. ಗಿರಿಜೆಗೆ ಈ ಆಗಸ್ಟಿಗೆ ಅದೂ ದಾಟುತ್ತೆ.

"ಅಕ್ಕ, ಇದು ತಪ್ಪಿದ್ರೆ ಇನ್ಯಾರೂ ನನ್ನನ್ನ ಕರೆಯಲ್ಲ" ಅಂದಿದ್ದಳು.

ಇಂಟರ್‌ವ್ಯೂ ಕಾರ್ಡ್ ಏಪ್ರಿಲ್ ಕೊನೆಗೆ ಬಂತು. ಕಂಪ್ಯೂಟರಿನಲ್ಲಿ ಪ್ರಿಂಟ್ ಆದ ಚಂದದ ಕಾರ್ಡು. ತಾರೀಖಿನ ಜಾಗದಲ್ಲಿ 5/6 ಅಂತಿತ್ತು. ಹಾಗಂದ್ರೆ ಏನು, ನೀವೇ ಹೇಳಿ? ನಿಮ್ಮ ಹಾಲಿನವನನ್ನು ಕೇಳಿ, ಮದುವೆ ಛತ್ರದವರನ್ನು ಕೇಳಿ. ಜೂನ್ ಐದು ಅಂತಲೇ ಹೇಳ್ತಾರೆ. ನಾವೂ ಹಾಗೇ ಅಂದುಕೊಂಡು ತಿಂಗಳಿಡೀ ಕಾದೆವು. ಗಿರಿಜೆ ದಿನಾ ಸಂಜೆ ಪ್ರಾಕ್ಟೀಸಿಗೆ ಹೋದಳು. ಒಂದು ಹೊಸ ಕಾಟನ್ ಸೀರೆಗೆ ಫಾಲ್ಸ್ ಹಾಕಿಸಿ ಎತ್ತಿಟ್ಟಳು.

ಆ ಸೀರೆಯಲ್ಲೇ ಆಫೀಸ್ ಮ್ಯಾನೇಜರ್ ಎದುರು ನಿಂತಿದ್ದಳು.

"ಏನಮ್ಮಾ, ಈಗ ಬಂದ್ರೆ? ನಿಮ್ಮ ಇಂಟರ್‌ವ್ಯೂ ಮೇ ಆರಕ್ಕೇ ಇತ್ತು. ಆ ಕೆಲಸಕ್ಕೆ ಬೇರೆಯವರು ಸೇರಿಯೂ ಆಯ್ತು" ಅಂದರು ಅವರು.

"ಸಾರ್, ಕಾರ್ಡಲ್ಲಿ ಜೂನ್ ಐದು ಅಂತಿದೆಯಲ್ಲ?"

"ಅದು ಮೇ ಆರು. ಕಂಪ್ಯೂಟರ್ ತಿಂಗಳು ಮೊದಲು ಹಾಕುತ್ತಮ್ಮ. ನಾವೇನ್ ಮಾಡೋಕಾಗುತ್ತೆ?"

ಗಿರಿಜೆ ಕಾರ್ಡನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ನಾನು ಸುಮ್ಮನಿರೋ ಪೈಕಿ ಅಲ್ಲ ಅಂತ ನಿಮಗೆ ಗೊತ್ತು. "ಮಿಕ್ಕವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. ಇಂಟರ್‌ವ್ಯೂ ಒಂದು ವಾರ ನಡೆದಿತ್ತಂತೆ. ಹದಿಮೂರಕ್ಕೆ ಬರಬೇಕಾದವರ ಕಾರ್ಡಿನಲ್ಲಿ 5/13 ಅಂತ ಬಂದಿತ್ತು. ಹದಿಮೂರನೇ ತಿಂಗಳು ಎಲ್ಲಿಂದ ತರೋದು? ಅವರು ಗಾಬರಿಯಾಗಿ ಫೋನ್ ಮಾಡಿದರು, ಇವರು ಸರಿಯಾದ ತಾರೀಖು ಹೇಳಿದರು. ಒಳಗೆ ಗುರುತು-ಪರಿಚಯ ಇದ್ದವರಿಗೆ ಕೇಳದೆಯೇ ಗೊತ್ತಾಯಿತು.

"ಹಾಗಾದ್ರೆ ತಪ್ಪಾಗಿದೆ ಅಂತ ನಿಮಗೆ ಆಗಲೇ ಗೊತ್ತಿತ್ತು. ಮಿಕ್ಕವರಿಗೊಂದು ಕಾರ್ಡ್ ಗೀಚಬಾರದಿತ್ತೇ?"

"ಅವರು ಕೇಳ್ಲಿಲ್ವಲ್ಲ ಮೇಡಂ."

ಕೇಳಿಸಿಕೊಂಡಿರಾ? ಕೇಳಲಿಲ್ಲವಂತೆ! ಮೈಯೆಲ್ಲ ಉರಿದು ಹೋಯ್ತು. ಮೊದಲೆಲ್ಲ ಗುಮಾಸ್ತ ತಪ್ಪು ಬರೆದರೆ ಮುಖಕ್ಕೆ ಮುಖ ಕೊಟ್ಟು ಜಗಳ ಆಡಬಹುದಿತ್ತು. ಈಗ ಬ್ಯಾಂಕಿಗೆ ಹೋಗಿ, ಕರೆಂಟ್ ಬಿಲ್ ಕಟ್ಟೋಕೆ ಹೋಗಿ, ಎಲ್ಲರದ್ದೂ ಒಂದೇ ಮಂತ್ರ: "ಕಂಪ್ಯೂಟರ್ ಹಾಗೆ ತೋರಿಸ್ತಿದೆ." ಕಂಪ್ಯೂಟರಿನ ಜೊತೆ ಜಗಳ ಆಡೋದು ಹೇಗೆ ಮಾರಾಯ್ರೇ?

ಆ ಮಹಾತ್ಮ ಕಂಪ್ಯೂಟರ್ ಮೇಜಿನ ಮೇಲೇ ಇತ್ತು. ಮಾನಿಟರಿನ ಹಣೆಗೆ ಕುಂಕುಮ, ಒಣಗಿದ ಚೆಂಡುಹೂವು. "ಅಕ್ಷಯ ತೃತೀಯ ದಿನ ಸ್ವಿಚ್ ಹಾಕಿದ್ದು. ಮುಹೂರ್ತ ಇಡಿಸಿ, ಪುರೋಹಿತರನ್ನೇ ಕರೆಸಿದ್ವಿ" ಅಂತ ಮ್ಯಾನೇಜರು ಹೆಮ್ಮೆಯಿಂದ ಹೇಳಿದರು.

ನಮ್ಮ ಕಡೆ ಕಂಪ್ಯೂಟರ್ ಕೂರಿಸೋದೇ ಹೀಗೆ. ಮೊದಲು ತೆಂಗಿನಕಾಯಿ, ಆಮೇಲೆ ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್. ನಡುವೆ ಅದು ಪಾಪ ಕೇಳುತ್ತೆ, ನಿಮ್ಮ ದೇಶ ಯಾವುದು, ಭಾಷೆ ಯಾವುದು, ತಾರೀಖು ಹೇಗೆ ಬರೀತೀರಿ ಅಂತ. ಯಾರಿಗೆ ಬೇಕು ಉತ್ತರ ಕೊಡೋ ಉಸಾಬರಿ? ಉತ್ತರ ಕೊಡದಿದ್ದರೆ ಅದು ತನ್ನಷ್ಟಕ್ಕೆ ಅಮೆರಿಕ ಅಂದುಕೊಳ್ಳುತ್ತೆ. ಪಂಚಾಂಗ ನೋಡಿ ಕಂಪ್ಯೂಟರ್ ಇಟ್ಟವರು ಕಂಪ್ಯೂಟರಿನ ಪಂಚಾಂಗ ನೋಡಲಿಲ್ಲ!

ನನ್ನ ಮನೆಯ ಕಂಪ್ಯೂಟರಿನಲ್ಲೂ ಹಿಂದೊಮ್ಮೆ ಇದೇ ರಾಮಾಯಣ ಆಗಿತ್ತು. ಹಾಗಾಗಿ ದಾರಿ ಗೊತ್ತಿತ್ತು. ಮೌಸ್ ಎಳೆದುಕೊಂಡು ಕಂಟ್ರೋಲ್ ಪ್ಯಾನೆಲ್ ತೆಗೆದೆ. "ಮೇಡಂ, ಮುಟ್ಬೇಡಿ, ಹಾಕಿಕೊಟ್ಟವರು ಬೈತಾರೆ" ಅಂದರು. ಬೈಯಲಿ. ರೀಜನಲ್ ಸೆಟ್ಟಿಂಗ್ಸ್ ತೆರೆದರೆ, ಹೌದು, ಅಮೆರಿಕ. ಬದಲಾಯಿಸೋಣ ಅಂತ ಇಂಗ್ಲಿಷಿನ ಪಟ್ಟಿ ಇಳಿಸುತ್ತಾ ಹೋದೆ. ಜಮೈಕಾ ಇದೆ, ಟ್ರಿನಿಡಾಡ್ ಇದೆ, ಜಿಂಬಾಬ್ವೆ ಇದೆ. ಇಂಡಿಯಾ ಇಲ್ಲ! ಕನ್ನಡದ ಸುದ್ದಿಯಂತೂ ಕೇಳಲೇಬೇಡಿ. ಕೊನೆಗೆ ಬ್ರಿಟನ್ ಅಂತ ಒತ್ತಿದೆ. ಓಡಿಸಿ ಐವತ್ತು ವರ್ಷ ಆದ ಮೇಲೂ ನಮ್ಮ ತಾರೀಖು ನೆಟ್ಟಗಾಗೋಕೆ ಅವರ ಹೆಸರೇ ಬೇಕಾಯ್ತು.

ಅರ್ಧ ನಿಮಿಷದ ಕೆಲಸ. ತೆರೆಯ ಮೇಲೆ ಜೂನ್ ಐದು ಜೂನ್ ಐದರ ಹಾಗೆಯೇ ಕಾಣಿಸಿತು.

"ಅಯ್ಯೋ, ಇಷ್ಟೇನಾ ಮೇಡಂ!" ಮ್ಯಾನೇಜರಿಗೆ ಸಂಭ್ರಮವೋ ಸಂಭ್ರಮ. ನನಗೆ ಕಾಫಿ ತರಿಸಿದರು. ಗಿರಿಜೆ ಅಲ್ಲೇ ನಿಂತಿದ್ದಳು. ಅವಳನ್ನು ಕೂರಿ ಅಂತಲೂ ಅನ್ನಲಿಲ್ಲ. ನಾನು ಕಾಫಿ ಮುಟ್ಟದೆ ಎದ್ದೆ.

ಭದ್ರಾವತಿ ಬಸ್ಸು ಹತ್ತುವಾಗ ಗಿರಿಜೆ ಅಂದಳು, "ನೀನ್ಯಾಕಕ್ಕ ಅದನ್ನ ಸರಿ ಮಾಡ್ದೆ? ಅವರ ಸಂಬಳದ ತಾರೀಖೂ ಒಂದ್ಸಲ ಹಂಗೇ ತಪ್ಪಬೇಕಿತ್ತು."

ಹೌದಲ್ಲ ಅನ್ನಿಸಿತು ನನಗೂ. ಮನೆಗೆ ಬಂದು ಅಡುಗೆ ಮನೆಯಲ್ಲಿ ನಿಂತು ಅತ್ತೆ. ಸಿಟ್ಟಿಗೆ ಅತ್ತೆನೋ ದುಃಖಕ್ಕೆ ಅತ್ತೆನೋ, ಗೊತ್ತಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಈ ವಾರ ಇದನ್ನು ಬರೀತಿರಲಿಲ್ಲ. ಮೊನ್ನೆ ಗಿರಿಜೆ ಪಕ್ಕದ ಮನೆಯಿಂದ ಫೋನ್ ಮಾಡಿದಳು. ಅದೇ ಮ್ಯಾನೇಜರು ಅವಳಿಗೆ ಫೋನ್ ಮಾಡಿದ್ದರಂತೆ. ಹೊಸದಾಗಿ ಸೇರಿದ ಕನ್ನಡ ಟೈಪಿಸ್ಟಿಗೆ (ಸಂಸ್ಥೆಯವರ ಪೈಕಿಯೇ ಒಬ್ಬರು) ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯೋಕೆ ಬರಲ್ಲವಂತೆ. ಗಿರಿಜೆ ನಾಲ್ಕು ದಿನ ಬಂದು ಹೇಳಿಕೊಟ್ಟು ಹೋದರೆ ಉಪಕಾರ ಆಗುತ್ತಂತೆ. ಸಂಬಳ-ಗಿಂಬಳದ ಮಾತೇ ಇಲ್ಲ. "ಮುಂದೆ ಏನಾದ್ರೂ ಇದ್ರೆ ನೋಡೋಣ" ಅಂದರಂತೆ.

"ಹೋಗ್ಲೇನಕ್ಕ?" ಅಂತ ಕೇಳಿದಳು. ದನಿಯಲ್ಲಿ ಇನ್ನೂ ಒಂದು ಚೂರು ಆಸೆ ಇತ್ತು.

ಬೇಡ ಅಂತ ಹೇಗೆ ಹೇಳಲಿ? ಹೋಗು ಅಂತಾದರೂ ಯಾವ ಬಾಯಲ್ಲಿ ಹೇಳಲಿ? ನನ್ನ ಬಾಯಿಂದ ಹೊರಟಿದ್ದು ಇಷ್ಟೇ:

"ಬರಬೇಕಾದ ತಾರೀಖನ್ನ ಈ ಸಲ ಅವರು ಬಾಯಿ ಬಿಟ್ಟು ಹೇಳಿದ್ರೇನೇ?"