ಮಾವನ ಬೆರಳು, ಗಾಳಿಯ ರೆಕ್ಕೆ

ಮುಂಬೈಯ ಪರೇಲಿನ ಒಂದು ಆಫೀಸಿನಲ್ಲಿ ನಾನು ಗಾಳಿಯಂತ್ರದ ರೆಕ್ಕೆಗಳ ವಿನ್ಯಾಸ ಮಾಡುತ್ತೇನೆ. ಮೆಲ್ಲನೆ ಬೀಸುವ ಗಾಳಿಗೂ ತಿರುಗುವಂಥ ಉದ್ದನೆಯ ರೆಕ್ಕೆಯೊಂದರ ನಕ್ಷೆ ನನ್ನ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ತಿಂದಿತು. ಆಗ ಸರ್ಕಾರ ತೆರಿಗೆ ರಿಯಾಯಿತಿ ಕೊಡುತ್ತಿದ್ದದ್ದು ಯಂತ್ರ ನೆಟ್ಟಿದ್ದಕ್ಕೆ. ಅದು ತಿರುಗಿತೋ ಇಲ್ಲವೋ ಯಾರಿಗೆ ಬೇಕಿತ್ತು? ಮಾರ್ಚ್ ಮುಗಿಯುವುದರೊಳಗೆ ನೆಟ್ಟುಕೊಡುತ್ತೀರಾ ಎಂದಷ್ಟೇ ಕೊಳ್ಳುವವರು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ನಿಯಮ ಬದಲಾಯಿತು. ತಯಾರಾದ ಪ್ರತಿ ಯೂನಿಟ್ ವಿದ್ಯುತ್ತಿಗೆ ಪ್ರೋತ್ಸಾಹಧನ ಎಂದಾಯಿತು. ನಮ್ಮ ಆಫೀಸಿನ ಸಾಹೇಬರು ತಾವಾಗಿಯೇ ನನ್ನ ನಕ್ಷೆ ಹುಡುಕಿಕೊಂಡು ಬಂದರು. ಆದರೆ ರೆಕ್ಕೆ ಮಾಡಲು ಕಾರ್ಖಾನೆಯ ಅಚ್ಚಿನಲ್ಲಿ ಹಾಸಿದ ಗಾಜಿನ ನಾರಿನ ಬಟ್ಟೆ, ಪ್ರಯತ್ನಿಸಿದ ಎರಡು ಸಲವೂ ಸುಕ್ಕುಗಟ್ಟಿತು. ಸುಕ್ಕು ಬಿದ್ದ ರೆಕ್ಕೆ ಒಂದಲ್ಲ ಒಂದು ದಿನ ಮುರಿಯುತ್ತದೆ. ಇನ್ನೊಂದೇ ಸಲ, ಆಮೇಲೆ ಬಂದ್ ಎಂದರು ಸಾಹೇಬರು.

ಬಟ್ಟೆಯ ಒಂದು ತುಂಡನ್ನು ಸಯನ್ನಿನ ಮನೆಗೆ ತಂದೆ. ನನ್ನ ಮಾವ, ಗಂಡನ ಅಪ್ಪ, ಹಿಂದೆ ಪರೇಲಿನ ಗಿರಣಿಯೊಂದರಲ್ಲಿ ನೇಯ್ಗೆಯ ಕೆಲಸಗಾರ. ಗಿರಣಿ ಮುಚ್ಚಿದ ಮೇಲೆ ಬಟ್ಟೆ ಅಂಗಡಿಯ ಮೆಟ್ಟಿಲನ್ನೇ ಹತ್ತದವರು; ಅವರ ಅಂಗಿಯನ್ನೂ ನಾವೇ ತರಬೇಕು. ಅಂಥವರು, ನಾನು ಚಹಾ ಮಾಡಿ ತರುವಷ್ಟರಲ್ಲಿ, ಆ ತುಂಡನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದರು.

"ಬರೀ ಕೈಲೆ ಮುಟ್ಟಬ್ಯಾಡ್ರಿ ಮಾವಾರ, ಚುಚ್ಚತೈತಿ."

"ಯವ್ವಾ, ಇದರ ಅಂಚಿನ ಹೊಲಿಗಿ ಭಾಳ ಬಿಗಿ ಆಗೇತಿ, ನಡುವ ಸಡ್ಲ ಐತಿ. ಬಾಗಿದ ಜಾಗಾದಾಗ ಹಾಸಿದ್ರ ಸುಕ್ಕು ಬೀಳಲಾರ್ದ ಇರತೈತೇನು?"

ಅಷ್ಟು ದಿನ ನಾವೆಲ್ಲ ಅಚ್ಚನ್ನೇ ಬೈಯುತ್ತಿದ್ದೆವು. ಇಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಬಟ್ಟೆಯ ಅಂಚು ಮುಟ್ಟಿ ನೋಡುವ ಬುದ್ಧಿ ಬಂದಿರಲಿಲ್ಲ.

ಸಂಜೆಯೆಲ್ಲ ಅವರ ಕೈ ತುರಿಸಿತು. ತಣ್ಣೀರಲ್ಲಿ ತೊಳೆಸಿ, ಕೊಬ್ಬರಿ ಎಣ್ಣೆ ಹಚ್ಚುತ್ತ ಗದರಿದೆ. ಅವರು ಮಾತ್ರ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

"ನಾಳೆ ಸರ್ಕಾರ ಮತ್ತ ಕಾಯ್ದೆ ಬದಲಿ ಮಾಡಿದ್ರ?"

"ನನ್ನ ನಕ್ಷಾ ಮತ್ತ ಕಪಾಟಿಗೆ ಹೋಗತೈತ್ರಿ."

ಅವರು ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರು. ಕೆಲಸ ಕೈತಪ್ಪುವುದು ಏನೆಂದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ.

ಅಂಚು ಸಡಿಲಿಸಿ ಹೊಲಿದ ಬಟ್ಟೆ ತರಿಸಿದೆವು. ಮೂರನೆಯ ರೆಕ್ಕೆ ನುಣ್ಣಗೆ ಬಂತು. ಆಫೀಸು ಬಿಡುವ ಹೊತ್ತಿಗೆ ಕಾರ್ಖಾನೆಯಿಂದ ಫೋಟೊ ಬಂತು. ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುತ್ತ ಮಾವನಿಗೆ ಫೋನ್ ಮಾಡಿ ಹೇಳಿದೆ. ಗಿರಣಿಯ ದಿನಗಳಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದರು.

"ನಂದು ಹಾಜರಿ ಹಾಕ್ಯಾರೇನವಾ?"

"ಹಾಕ್ಯಾರ್ರೀ ಮಾವಾರ."

ಸುಳ್ಳು ಹೇಳಿದ್ದೆ. ಬಂದ ಲೋಕಲ್ ಬಿಟ್ಟೆ. ಆಫೀಸಿಗೆ ಮರಳಿ ಹೋಗಿ, ಪರೀಕ್ಷೆಯ ವರದಿಯಲ್ಲಿ ಬಟ್ಟೆಯ ದೋಷ ಕಂಡುಹಿಡಿದವರು ಎಂಬ ಕಡೆ ಅವರ ಹೆಸರು ಬರೆದು ಬಂದೆ.